ರೆಡಿಮೇಡ್ 650 ಕನ್ವೇಯರ್ ಸೆಟ್: 20 ಎಂಎಂ ಜಲ್ಲಿಗೆ ಸೈ, ಎಂ-ಸ್ಯಾಂಡ್‌ಗೆ ಹೀಗೇ ಹಾಕಬೇಡಿ

ಕ್ರಷರ್ ಯೂನಿಟ್‌ಗಳಿಗೆಂದು ಫ್ಯಾಬ್ರಿಕೇಷನ್ ಶೆಡ್‌ಗಳಲ್ಲಿ ಸಿದ್ಧವಾಗಿಯೇ ಸಿಗುವ ಕನ್ವೇಯರ್ ಸೆಟ್ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಥರ ಇರುತ್ತದೆ. 650 ಮಿ.ಮೀ. ಅಗಲದ ಇಪಿ 500/3 ಬೆಲ್ಟ್ (ಪಾಲಿಯೆಸ್ಟರ್-ನೈಲಾನ್ ಬಟ್ಟೆಯ ಮೂರು ಪದರ, ಅಂದರೆ ಮೂರು ಪ್ಲೈ; ಬಲ ಮಿ.ಮೀ. ಅಗಲಕ್ಕೆ 500 ನ್ಯೂಟನ್), ಮೂರು ರೋಲರಿನ 20 ಡಿಗ್ರಿ ಟ್ರಫ್ (ಬೆಲ್ಟ್ ದೋಣಿಯಂತೆ ಬಾಗಿ ಕೂರುವ ಆಕಾರ), ಬೆಲ್ಟನ್ನು ಹೊರುವ ಮೇಲಿನ ಐಡ್ಲರ್ (ರೋಲರ್ ಚೌಕಟ್ಟು) 1.2 ಮೀಟರಿಗೊಂದು, ಕೆಳಗಿನದು 3 ಮೀಟರಿಗೊಂದು, ಟೇಲ್ (ಕೆಳತುದಿ) ಕಡೆ ಸ್ಕ್ರೂ ಟೇಕಪ್ (ಬೆಲ್ಟ್ ಬಿಗಿಮಾಡುವ ತಿರುಪು). ಏರು 18 ಡಿಗ್ರಿ, ವೇಗ ಸೆಕೆಂಡಿಗೆ 1.25 ಮೀಟರ್. 20 ಮೀಟರ್ ಉದ್ದಕ್ಕೆ 10 ಎಚ್‌ಪಿ ಮೋಟರ್. ಇದೇ ಸೆಟ್ಟನ್ನು ಜಾ ಕ್ರಷರಿನ (ಬಂಡೆಯನ್ನು ಮೊದಲು ಒಡೆಯುವ ಯಂತ್ರ) ಬಾಯಿಗೂ, 20 ಎಂಎಂ ಜಲ್ಲಿಗೂ, ಡಸ್ಟ್‌ಗೂ, ತೊಳೆದ ಎಂ-ಸ್ಯಾಂಡ್‌ಗೂ (ಕಲ್ಲು ಪುಡಿಮಾಡಿ ತೆಗೆದ ಮರಳು) ಮಾರುತ್ತಾರೆ. ಕೊಳ್ಳುವವರೂ ಅಗಲ ಎಷ್ಟು, ಪ್ಲೈ ಎಷ್ಟು ಎಂದಷ್ಟೇ ಕೇಳುತ್ತಾರೆ. ಬೆಲ್ಟ್ ಮೇಲೆ ಬೀಳುವುದು ಏನು ಎಂಬ ಪ್ರಶ್ನೆ ಮಾತ್ರ ಎರಡೂ ಕಡೆಯಿಂದ ಬರುವುದಿಲ್ಲ. ಸೆಟ್ ಬಾಳುವುದೋ ಹಾಳಾಗುವುದೋ ತೀರ್ಮಾನವಾಗುವುದು ಆ ಪ್ರಶ್ನೆಯಲ್ಲೇ.

ಮೊದಲು ಒಳ್ಳೆಯದನ್ನು ಹೇಳಬೇಕು. 20 ಎಂಎಂ ಜಲ್ಲಿಗೆ ಈ ಸೆಟ್ ಅಳತೆ ತೆಗೆದು ಹೊಲಿದ ಅಂಗಿಯಂತಿದೆ. ನೆಲದ ಮೇಲೆ ಸುರಿದ ಜಲ್ಲಿ ರಾಶಿಯ ಇಳಿಜಾರು 35 ಡಿಗ್ರಿಯ ಆಸುಪಾಸು ನಿಲ್ಲುತ್ತದೆ. ಓಡುವ ಬೆಲ್ಟಿನ ಮೇಲೆ ಅಷ್ಟು ನಿಲ್ಲುವುದಿಲ್ಲ. ಒಂದೊಂದು ಐಡ್ಲರ್ ದಾಟುವಾಗಲೂ ಕುಲುಕಿ ಕುಲುಕಿ 20 ಡಿಗ್ರಿಗೆ ಬಂದು ಕೂರುತ್ತದೆ. ಆ ಇಳಿಜಾರಿಗೆ ಬೆಲ್ಟಿನ ಮೇಲಿನ ಸರಕಿನ ಅಡ್ಡಕೊಯ್ತ ಸುಮಾರು 0.035 ಚದರ ಮೀಟರ್. ಏರಿನಿಂದ ಅದು 0.85 ಪಾಲಿಗೆ ಇಳಿಯುತ್ತದೆ ಎಂದು ಹಿಡಿದರೆ ಗಂಟೆಗೆ 134 ಘನ ಮೀಟರ್. ಘನ ಮೀಟರಿಗೆ 1.5 ಟನ್ ತೂಕದ ಜಲ್ಲಿಯಾದರೆ 200 ಟನ್. ಇದು ಬೆಲ್ಟ್ ತುಂಬಿ ಓಡಿದಾಗಿನ ಲೆಕ್ಕ. 150 ಟನ್ ಹಾಕಿದರೆ ಸೆಟ್ ಹಾಯಾಗಿ ಓಡುತ್ತದೆ, ಅಂಚಿನಿಂದ ಕಲ್ಲು ಉರುಳುವುದಿಲ್ಲ.

ಒಂದು ಮಾತು ನೆನಪಿರಲಿ: ಬೆಲ್ಟ್‌ಗೆ ಲೆಕ್ಕ ಸಿಎಫ್‌ಟಿ (ಘನ ಅಡಿ, ಅಂದರೆ ಗಾತ್ರ), ಮೋಟರ್‌ಗೆ ಲೆಕ್ಕ ಟನ್. 20 ಮೀಟರಿನ ಸೆಟ್ 18 ಡಿಗ್ರಿಯಲ್ಲಿ ಸರಕನ್ನು 6.2 ಮೀಟರ್ ಮೇಲೆತ್ತುತ್ತದೆ. ಟನ್ನನ್ನು ಎತ್ತರದಿಂದ ಗುಣಿಸಿ 367ರಿಂದ ಭಾಗಿಸಿದರೆ ಎತ್ತುವುದಕ್ಕೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. 200 ಟನ್‌ಗೆ 3.4. ಉಜ್ಜಾಟಕ್ಕೆ ಇನ್ನೆರಡು ಸೇರಿಸಿದರೂ 10 ಎಚ್‌ಪಿ, ಅಂದರೆ 7.5 ಕಿಲೋವ್ಯಾಟ್, ಸಾಕು. ಇದೇ ಸೆಟ್ಟನ್ನು ಸೆಕೆಂಡ್‌ಹ್ಯಾಂಡ್ ಕೊಂಡು ಸಂಡೂರು ಕಡೆಯ ಅದಿರಿನ ಯಾರ್ಡಿಗೆ ಒಯ್ದರೆ ಕಥೆಯೇ ಬೇರೆ. ಘನ ಮೀಟರಿಗೆ 2.4 ಟನ್ ತೂಗುವ ಅದಿರು ಅಷ್ಟೇ ಎತ್ತರಕ್ಕೆ ತುಂಬಿದಂತೆ ಕಂಡರೂ ಗಂಟೆಗೆ 320 ಟನ್ ದಾಟಿರುತ್ತದೆ. ಎತ್ತುವುದಕ್ಕೇ 5.4 ಕಿಲೋವ್ಯಾಟ್ ಹೋಯಿತು. ಮೋಟರ್ ಟ್ರಿಪ್ ಆಗುತ್ತದೆ, 1.2 ಮೀಟರ್ ಅಂತರದ ಐಡ್ಲರ್‌ಗಳ ನಡುವೆ ಬೆಲ್ಟ್ ಜೋತು ಬೀಳುತ್ತದೆ, ಬೇರಿಂಗ್ ಕೂಗಲು ಶುರುಮಾಡುತ್ತವೆ. ಮಂಡ್ಯದ ಸಕ್ಕರೆ ಕಾರ್ಖಾನೆಯ ಬಗಾಸಿಗೆ (ಕಬ್ಬಿನ ಸಿಪ್ಪೆ) ಹಾಕಿದರೆ ಅದರ ತಿರುಗುಮುರುಗು: ಘನ ಮೀಟರಿಗೆ 150 ಕಿಲೋ ಇರುವ ಸರಕಿನಿಂದ ಬೆಲ್ಟ್ ತುಂಬಿ ತುಳುಕುತ್ತದೆ, ಮೋಟರಿಗೆ ಕೆಲಸವೇ ಇರುವುದಿಲ್ಲ.

ಜಾ ಕ್ರಷರಿನ ಕೆಳಗೆ ಈ ಸೆಟ್ ಬೇಡ. ಅಲ್ಲಿ ಬರುವುದು ಪುಡಿ ಕಮ್ಮಿ, ಕಲ್ಲೇ ಹೆಚ್ಚು. ಸರಕೆಲ್ಲ ದಪ್ಪ ಕಲ್ಲೇ ಆದಾಗ ಅತಿ ದೊಡ್ಡ ಕಲ್ಲು ಬೆಲ್ಟ್ ಅಗಲದ ಐದನೇ ಒಂದು ಭಾಗ ಮೀರಬಾರದು; ನೂರಕ್ಕೆ ಹತ್ತು ಪಾಲು ಮಾತ್ರ ದಪ್ಪಗಿದ್ದು ಉಳಿದದ್ದು ಪುಡಿಯಾದರೆ ಮೂರನೇ ಒಂದು ಭಾಗದವರೆಗೆ ನಡೆಯುತ್ತದೆ. 650ರ ಐದನೇ ಒಂದು ಭಾಗ 130. ಚಪ್ಪಟೆಯಾಗಿ ಒಡೆದ 200 ಮಿ.ಮೀ. ತುಂಡು ಜಾ ಬಾಯಿಂದ ಆರಾಮಾಗಿ ನುಸುಳಿ ಬರುತ್ತದೆ. 200 ಮಿ.ಮೀ. ಗುಂಡು ಕಲ್ಲು ತೂಗುವುದು 11 ಕಿಲೋ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದರೆ ಪೆಟ್ಟು 160 ಜೂಲ್. 40 ಎಂಎಂ ಕಲ್ಲಿನ ಪೆಟ್ಟು ಅದೇ ಎತ್ತರದಿಂದ 1.3 ಜೂಲ್. ನೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಬೆಲ್ಟ್ ಹರಿಯುವುದು ಈ ಪೆಟ್ಟಿಗೆ, ಎಳೆತಕ್ಕಲ್ಲ. ಎಳೆತದ ಲೆಕ್ಕ ತೆಗೆದರೆ 20 ಮೀಟರ್ ಸೆಟ್‌ನಲ್ಲಿ ಮಿ.ಮೀ. ಅಗಲಕ್ಕೆ 11 ನ್ಯೂಟನ್‌ನಷ್ಟು. ಇಪಿ 500/3 ಹತ್ತು ಪಟ್ಟು ಸುರಕ್ಷತೆ ಇಟ್ಟುಕೊಂಡೂ 50 ತಡೆಯುತ್ತದೆ.

ಹಾಗಾಗಿ ‘ಗಟ್ಟಿ ಇರಲಿ’ ಎಂದು ನಾಲ್ಕು ಪ್ಲೈ, ಐದು ಪ್ಲೈ ಕೇಳುವುದರಲ್ಲಿ ಅರ್ಥವಿಲ್ಲ. 650 ಅಗಲಕ್ಕೆ ದಪ್ಪ ಬೆಲ್ಟ್ ಹಾಕಿದರೆ ಖಾಲಿ ಓಡುವಾಗ ಅದು ಟ್ರಫ್‌ನೊಳಗೆ ಬಾಗಿ ಕೂರುವುದಿಲ್ಲ, ನಡುವಿನ ರೋಲರಿಗೆ ತಾಗದೆ ಅತ್ತಿತ್ತ ಸರಿದಾಡುತ್ತದೆ. ಆ ದುಡ್ಡನ್ನು ಮೇಲಿನ ರಬ್ಬರಿಗೆ ಹಾಕಿ. ಗ್ರಾನೈಟ್, ನೈಸ್ (gneiss) ಕಲ್ಲುಗಳಲ್ಲಿ ಕ್ವಾರ್ಟ್ಜ್ ಇದೆ, ಅದು ಉಕ್ಕನ್ನೇ ಗೀರುತ್ತದೆ. ಚಿಕ್ಕಬಳ್ಳಾಪುರ, ಕೋಲಾರ, ರಾಮನಗರದ ಕಲ್ಲಿಗೆ ಐಎಸ್ 1891ರ (ಬೆಲ್ಟಿನ ಭಾರತೀಯ ಮಾನದಂಡ) ಎಂ-24 ದರ್ಜೆಯ ರಬ್ಬರ್, ಮೇಲೆ 5 ಕೆಳಗೆ 2 ಮಿ.ಮೀ. ಕವರ್ ಎಂದು ಬರೆಸಿಯೇ ಕೊಳ್ಳಿ. ಕಲಬುರಗಿ ಕಡೆಯ ಸುಣ್ಣದ ಕಲ್ಲು ಇಷ್ಟು ಉಜ್ಜುವುದಿಲ್ಲ, ಅಲ್ಲಿ ಎನ್-17 ನಡೆಯುತ್ತದೆ. ಜಾ ಕೆಳಗೆ 1000 ಅಗಲ. ಕಲ್ಲು ಬೀಳುವ ಜಾಗದಲ್ಲಿ ರಬ್ಬರ್ ಉಂಗುರದ ಇಂಪ್ಯಾಕ್ಟ್ ಐಡ್ಲರ್ 300ರಿಂದ 400 ಮಿ.ಮೀ.ಗೊಂದು. ಚೂಟ್‌ನ (ಸರಕು ಜಾರಿ ಬೆಲ್ಟಿಗೆ ಬೀಳುವ ದಾರಿ) ತಳದಲ್ಲಿ ಸಂದು ಬಿಟ್ಟು ಕಂಬಿ ಕೂರಿಸಿದರೆ ಪುಡಿ ಮೊದಲು ಬಿದ್ದು ಹಾಸಾಗುತ್ತದೆ, ದಪ್ಪ ಕಲ್ಲು ಅದರ ಮೇಲೆ ಬೀಳುತ್ತದೆ. ಸ್ಕರ್ಟ್ ಪ್ಲೇಟ್‌ಗಳ (ಸರಕು ಹೊರಚೆಲ್ಲದಂತೆ ಎರಡೂ ಬದಿಗೆ ಹಾಕುವ ತಗಡು) ಅಡಿಯ ಸಂದು ಬೆಲ್ಟ್ ಓಡುವ ದಿಕ್ಕಿಗೆ ಅಗಲವಾಗುತ್ತಾ ಹೋಗಬೇಕು. ರೆಡಿಮೇಡ್ ಸೆಟ್‌ನಲ್ಲಿ ಇದು ಸಮವಾಗಿಯೇ ಇರುತ್ತದೆ. ಸಿಕ್ಕಿಬಿದ್ದ ಒಂದು ಕಲ್ಲು ಸಾಕು, ಬೆಲ್ಟ್ ಉದ್ದಕ್ಕೂ ನೇಗಿಲು ಹೊಡೆದ ಹಾಗೆ ಗೀರು ಬೀಳುತ್ತದೆ.

ಈ ಸೆಟ್ ನಿಜವಾಗಿ ಸೋಲುವುದು ತೊಳೆದ ಎಂ-ಸ್ಯಾಂಡ್‌ನಲ್ಲಿ. ಐಎಸ್ 383ರ ಪ್ರಕಾರ ಕಲ್ಲುಪುಡಿ ಮರಳಿನಲ್ಲಿ 150 ಮೈಕ್ರಾನ್ ಜರಡಿ ದಾಟುವ ನುಣ್ಣನೆಯ ಪುಡಿ ನೂರಕ್ಕೆ 20ರವರೆಗೆ ಇರಬಹುದು. ನೀರು ಸೇರಿದ ಈ ಪುಡಿಯೇ ಎಲ್ಲ ತಕರಾರಿನ ಮೂಲ. ವಾಷರಿನಿಂದ ನೀರು ಸೋರುತ್ತಲೇ ಬರುವ ಮರಳು ಬೆಲ್ಟಿನ ಮೇಲೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಇಳಿಜಾರು 5 ಡಿಗ್ರಿ ನಿಂತರೆ ಹೆಚ್ಚು. ಅಡ್ಡಕೊಯ್ತ 0.035ರಿಂದ 0.023ಕ್ಕೆ ಇಳಿಯುತ್ತದೆ, ಅಂದರೆ ಮೂರನೇ ಒಂದು ಪಾಲು ಸಾಮರ್ಥ್ಯ ಹೋಯಿತು. 18 ಡಿಗ್ರಿ ಏರಿನಲ್ಲಿ ನೀರು ಹಿಂದಕ್ಕೆ ಹರಿದು ಮರಳನ್ನೂ ಟೇಲ್ ಕಡೆಗೆ ಎಳೆದು ತರುತ್ತದೆ. ಇಲ್ಲಿ ಏರು 12 ಡಿಗ್ರಿ ಮೀರದಿರುವುದೇ ಕ್ಷೇಮ. ಜಾಗವಿಲ್ಲವೆಂದರೆ ಕನ್ವೇಯರಿಗೆ ಮುಂಚೆ ಡಿವಾಟರಿಂಗ್ ಸ್ಕ್ರೀನ್ ಹಾಕಿ ನೀರು ಇಳಿಸಲೇಬೇಕು.

ನೀರು ಇಳಿದ ಮೇಲೆ ಮರಳು ಅಂಟುತ್ತದೆ. ಹೆಡ್ ಡ್ರಮ್ಮಿನಲ್ಲಿ (ಮೇಲ್ತುದಿಯ ಡ್ರಮ್) ಬೀಳಬೇಕಾದ್ದು ಬೆಲ್ಟಿಗೆ ಮೆತ್ತಿಕೊಂಡು ವಾಪಸ್ ಬರುತ್ತದೆ. ರಿಟರ್ನ್ ರೋಲರನ್ನು (ಕೆಳಗಿನ ಐಡ್ಲರ್) ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಒಂದು ತುದಿಯಲ್ಲಿ ಬೂದು ಬಣ್ಣದ ಗಟ್ಟಿ ಪದರ, ಬೆರಳಿನ ಉಗುರಿಗೆ ಬಗ್ಗದ ಹಾಗೆ. ಆ ತುದಿಯ ವ್ಯಾಸ ದೊಡ್ಡದಾದಷ್ಟೂ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ. ಜನ ಟೇಕಪ್ ಸ್ಕ್ರೂ ತಿರುಗಿಸಿ ಸರಿಮಾಡಲು ಹೋಗುತ್ತಾರೆ, ರೋಗ ಅಲ್ಲಿಲ್ಲ.

ಸೆಟ್ ಜೊತೆ ಕೊಡುವ ಕ್ಲೀನರ್ ಎಂದರೆ ಹಳೇ ಬೆಲ್ಟಿನ ಒಂದು ಪಟ್ಟಿ. ಅದನ್ನು ಮೊದಲ ದಿನವೇ ಕಿತ್ತು ಹಾಕಿ. ಹಳೇ ಬೆಲ್ಟಿನಲ್ಲಿ ಹೂತು ಕೂತ ಕಲ್ಲಿನ ಹರಳು ಹೊಸ ಬೆಲ್ಟನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಹೆಡ್ ಡ್ರಮ್ಮಿನ ಮುಖಕ್ಕೆ ಪಾಲಿಯುರೆಥೇನ್ ಬ್ಲೇಡಿನ ಪ್ರೈಮರಿ ಕ್ಲೀನರ್, ಬೆಲ್ಟ್ ಡ್ರಮ್ ಬಿಟ್ಟ ಜಾಗದಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಸೆಕೆಂಡರಿ, ಟೇಲ್ ಡ್ರಮ್ಮಿಗೆ ಮುಂಚೆ ಒಳಮೈಗೆ ವಿ-ಪ್ಲೋ (ವಿ ಆಕಾರದ ಕೆರೆಯುವ ಪಟ್ಟಿ) ಹಾಕಿಸಿ. ಕಾರ್ಬೈಡ್ ಬ್ಲೇಡ್ ಹಾಕುವುದಾದರೆ ಕ್ಲಿಪ್ ಜಾಯಿಂಟ್ ಇರಕೂಡದು, ಬ್ಲೇಡ್ ಕ್ಲಿಪ್ಪಿಗೆ ಸಿಕ್ಕಿ ಎರಡೂ ಹಾಳು. ಹಾಟ್ ವಲ್ಕನೈಸಿಂಗ್ (ಕಾಯಿಸಿ ರಬ್ಬರ್ ಬೆಸೆಯುವುದು) ಮಾಡಿಸಿ. ಮೂರು ಪ್ಲೈ ಬೆಲ್ಟಿನ ಮೆಟ್ಟಿಲು ಜಾಯಿಂಟಿನಲ್ಲಿ ಒಂದು ಪ್ಲೈ ಬಲ ಕಳೆದು ಮೂರನೇ ಎರಡು ಭಾಗ ಉಳಿಯುತ್ತದೆ. ಮೇಲಿನ ಎಳೆತದ ಲೆಕ್ಕ ನೋಡಿದರೆ ಅದು ಧಾರಾಳ. ಡ್ರೈವ್ ಡ್ರಮ್ ಬರೀ ಉಕ್ಕಿನದಾದರೆ ಒದ್ದೆಯಲ್ಲಿ ಜಾರುತ್ತದೆ, ಡೈಮಂಡ್ ಗ್ರೂವ್ ರಬ್ಬರ್ ಲ್ಯಾಗಿಂಗ್ (ಡ್ರಮ್ಮಿಗೆ ಗೀರುಳ್ಳ ರಬ್ಬರ್ ಹೊದಿಕೆ) ಕೇಳಿ.

ಆರ್ಡರ್ ಕೊಡುವ ಮುಂಚೆ 35 ಲೀಟರಿನ ಒಂದು ಫರ್ಮಾ (ಅಳತೆ ಪೆಟ್ಟಿಗೆ) ತುಂಬಿ ತೂಗಿ. 53 ಕಿಲೋ ಬಂದರೆ ಸಾಂದ್ರತೆ 1.5, ಒದ್ದೆ ಮರಳು 63 ತೂಗಿದರೆ 1.8. ಒಂದು ಹಿಡಿ ಸರಕನ್ನು ಅಂಗೈಯಲ್ಲಿ ಒತ್ತಿ ಬಿಡಿ. ಉಂಡೆ ಕಟ್ಟಿ ಕೈಗೆ ಮೆತ್ತಿಕೊಂಡರೆ ಕ್ಲೀನರ್‌ಗಳ ಖರ್ಚು ಕೊಟೇಶನ್‌ನಲ್ಲಿ ಸೇರಲೇಬೇಕು.

ಒಂದು ಕೊರತೆಯನ್ನು ಮಾತ್ರ ಯಾವ ಬೆಲೆಗೂ ಒಪ್ಪಲಾಗದು: ಟೇಲ್ ಡ್ರಮ್ಮಿಗೆ ಜಾಲರಿ ಇಲ್ಲ, ಪುಲ್ ಕಾರ್ಡ್ ಸ್ವಿಚ್ (ಹಗ್ಗ ಎಳೆದರೆ ಬೆಲ್ಟ್ ನಿಲ್ಲಿಸುವ ಸ್ವಿಚ್) ಇಲ್ಲ. ಅಂಟು ಮರಳು ಉದುರಿ ರಾಶಿಯಾಗುವುದು ಟೇಲ್ ಡ್ರಮ್ಮಿನ ಬುಡದಲ್ಲೇ. ಕೂಲಿಯವರು ಸಲಿಕೆ ಹಿಡಿದು ಹೋಗುವುದೂ ಅಲ್ಲಿಗೇ, ಅದೂ ಬೆಲ್ಟ್ ಓಡುತ್ತಿರುವಾಗ. ಸೆಕೆಂಡಿಗೆ 1.25 ಮೀಟರ್ ಓಡುವ ಬೆಲ್ಟಿಗೂ ಡ್ರಮ್ಮಿಗೂ ನಡುವೆ ಸಲಿಕೆಯ ತುದಿ ಸಿಕ್ಕರೆ ಕೈ ಬಿಡುವಷ್ಟು ಹೊತ್ತೂ ಸಿಗುವುದಿಲ್ಲ. ಜಾಲರಿ, ಎರಡೂ ಬದಿ ಪುಲ್ ಕಾರ್ಡ್ ಹಾಕಿಕೊಡದ ಹೊರತು ಸೆಟ್ಟನ್ನು ಲಾರಿಯಿಂದ ಇಳಿಸಿಕೊಳ್ಳಬೇಡಿ.