ಹಿಂಬದಿಗೆ ಬಾರದ ಪರಿಶೀಲನೆ: ನಮ್ಮ ಪಂಚಾಯತ್ ಕಚೇರಿಯ ಪರವಾನಗಿ ಸೇವೆಯ ಕುರಿತು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಗ್ರಾಮ ಪಂಚಾಯತ್ ಕಚೇರಿಯ ವ್ಯಾಪಾರ ಪರವಾನಗಿ ವಿಭಾಗದೊಂದಿಗೆ ಕಳೆದ ಮಳೆಗಾಲದಲ್ಲಿ ನನಗೆ ಎರಡೂವರೆ ತಿಂಗಳ ಒಡನಾಟವಾಯಿತು. ಪರವಾನಗಿ ಕೇಳಿದವನಾಗಿ ಅಲ್ಲ, ಆಕ್ಷೇಪ ಸಲ್ಲಿಸಿದ ನೆರೆಮನೆಯವನಾಗಿ. ನಮ್ಮ ಮನೆಯ ಮುಂದೆ ರಸ್ತೆಗೆ ತಾಗಿದ ಕಟ್ಟಡದಲ್ಲಿ ಹತ್ತು ವರ್ಷಗಳಿಂದ ಚಹಾ ಹೋಟೆಲು ನಡೆಸುತ್ತಿರುವವರು ಅಡುಗೆಮನೆಯನ್ನು ಹಿಂಬದಿಗೆ ವಿಸ್ತರಿಸಿ ಶವರ್ಮ, ಅಲ್ಫಾಮ್ (ಕೆಂಡದಲ್ಲಿ ಸುಟ್ಟ ಕೋಳಿ) ಮಾಡಲು ಹೊರಟಿದ್ದರು. ಸಿಲಿಂಡರ್ ಇಡುವ ಗೂಡು ನಮ್ಮ ಮುರಕಲ್ಲಿನ ಪಾಗಾರಕ್ಕೆ ತಾಗಿತ್ತು. ಪಾತ್ರೆ ತೊಳೆದ ನೀರಿನ ಇಂಗುಗುಂಡಿ ನಮ್ಮ ಬಾವಿಯ ಕಡೆಗೆ ಬಂದಿತ್ತು.

ಮೊದಲು ಮೆಚ್ಚಬೇಕಾದ್ದನ್ನು ಹೇಳುತ್ತೇನೆ. 2025ರ ಏಪ್ರಿಲಿನಲ್ಲಿ ಅರ್ಜಿಗಳನ್ನು ಆನ್‌ಲೈನಿನಲ್ಲೇ ಸಲ್ಲಿಸುವ ಕೆ-ಸ್ಮಾರ್ಟ್ ವ್ಯವಸ್ಥೆ ಪಂಚಾಯತುಗಳಿಗೂ ಬಂದ ಮೇಲೆ ಕೌಂಟರಿನ ಕೆಲಸ ನಿಜವಾಗಿಯೂ ಸುಧಾರಿಸಿದೆ. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಕುಳಿತು ಸಲ್ಲಿಸಿದ ನನ್ನ ಆಕ್ಷೇಪಕ್ಕೆ ಅದೇ ದಿನ ನಂಬರು ಬಂತು. ಯಾರ ಮೇಜಿನ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಲಿಲ್ಲ.

ಆದರೆ ಸ್ಥಳ ಪರಿಶೀಲನೆ ನಡೆದದ್ದು ಹೋಟೆಲಿನ ಎದುರಿನ ಬೆಂಚಿನಲ್ಲಿ. ಬಂದವರು ಚಹಾ ಕುಡಿದು, ಕೆಲಸಗಾರರ ಹೆಲ್ತ್ ಕಾರ್ಡ್, ಆಹಾರ ಸುರಕ್ಷತೆಯ ನೋಂದಣಿ, ಕಸ ಒಯ್ಯುವ ಹರಿತ ಕರ್ಮ ಸೇನೆಗೆ ಹಣ ಕಟ್ಟಿದ ರಶೀದಿ ಇವಿಷ್ಟನ್ನು ನೋಡಿ ಹೋದರು. ಯಾವ ಕಾಗದದಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಹಿಂಬದಿಯಲ್ಲಿ, ಅಲ್ಲಿಗೆ ಯಾರೂ ಬರಲಿಲ್ಲ.

ಅನಂತರ ಕಚೇರಿಯಲ್ಲಿ ಇಬ್ಬರನ್ನೂ ಕರೆದು ಮಾತನಾಡಿಸಿದರು. ಅರ್ಜಿ ಬಂದು 30 ದಿನಗಳೊಳಗೆ ತೀರ್ಮಾನ ತಿಳಿಸದಿದ್ದರೆ ಪರವಾನಗಿ ಕೊಟ್ಟಂತೆಯೇ ಎಂದು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ನಮ್ಮನ್ನು ಕರೆದದ್ದು 27ನೆಯ ದಿನ. ಹಾಗಾಗಿ ಅಲ್ಲಿದ್ದವರಿಗೆಲ್ಲ ಅಂದೇ ಫೈಲು ಮುಗಿಸುವ ಅವಸರ. "ನೀವಿಬ್ಬರೂ ನೆರೆಕರೆಯವರು, ಕೂತು ಮಾತಾಡಿ ಒಂದು ರಾಜಿ ಮಾಡಿಕೊಳ್ಳಿ" ಎಂದರು. ಹೋಟೆಲಿನ ಯಜಮಾನರೂ "ಮಾಷ್ಟ್ರೇ, ನೀವೊಂದು ಒಪ್ಪಿಗೆ ಬರೆದುಕೊಟ್ಟರೆ ಮುಗಿಯಿತಲ್ಲ" ಎಂದರು. ಅವರು ಕೆಟ್ಟವರಲ್ಲ, ನನ್ನ ಹಳೆಯ ವಿದ್ಯಾರ್ಥಿಯ ತಂದೆ. ಸಾಲ ಮಾಡಿ ಒಲೆ ತರಿಸಿದ್ದರು, ಒಂದೊಂದು ದಿನ ತಡವಾದರೂ ಅವರಿಗೆ ಬಡ್ಡಿಯ ಲೆಕ್ಕ.

ಈ ಸೇವೆಯ ಬಗ್ಗೆ ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ. ಹೊಗೆ, ವಾಸನೆ, ರಾತ್ರಿಯ ಗದ್ದಲ ಇಂಥವನ್ನು ನೆರೆಹೊರೆಯವರು ಮಾತಾಡಿ ಸರಿಮಾಡಿಕೊಳ್ಳಬಹುದು, ಏಕೆಂದರೆ ಅವುಗಳ ಕಷ್ಟ ನಮಗಷ್ಟೇ ಸೇರಿದ್ದು. ಆದರೆ ಗ್ಯಾಸು ಮತ್ತು ನೀರಿನ ವಿಷಯದಲ್ಲಿ ನಾನು ಒಪ್ಪಿಗೆ ಬರೆದುಕೊಟ್ಟರೂ ಅದು ಆ ಹೋಟೆಲಿನಲ್ಲಿ ಊಟ ಮಾಡುವವರ, ಹಿಂಬದಿಯ ಕೋಣೆಯಲ್ಲಿ ಮಲಗುವ ಬಂಗಾಳದ ಹುಡುಗರ, ಪಕ್ಕದ ನಿಲ್ದಾಣದಲ್ಲಿ ಬಸ್ಸು ಕಾಯುವ ಶಾಲೆಯ ಮಕ್ಕಳ ಪರವಾಗಿ ಕೊಟ್ಟ ಒಪ್ಪಿಗೆ ಆಗುವುದಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ತೀರಿಕೊಂಡ 16 ವರ್ಷದ ವಿದ್ಯಾರ್ಥಿನಿಯಾಗಲಿ, 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ತೆಯ್ಯಂ ಉತ್ಸವದಲ್ಲಿ ಪಟಾಕಿ ದಾಸ್ತಾನು ಸಿಡಿದು ಗಾಯಗೊಂಡ 150ಕ್ಕೂ ಹೆಚ್ಚು ಮಂದಿಯಾಗಲಿ, ಯಾವ ಅರ್ಜಿಯಲ್ಲೂ ಯಾವ ಆಕ್ಷೇಪದಲ್ಲೂ ಹೆಸರಿದ್ದವರಲ್ಲ. ಅವರ ಪರವಾಗಿ ಮಾತಾಡಬೇಕಾದ್ದು ಕಚೇರಿ. ಆ ಕಚೇರಿ ಪಂಚಾಯ್ತಿಕೆಗೆ ಕುಳಿತರೆ ಅವರ ಕುರ್ಚಿ ಖಾಲಿಯೇ ಉಳಿಯುತ್ತದೆ.

ನಾನು ರಾಜಿಗೆ ಒಪ್ಪದ ಕಾರಣ ಮರುದಿನವೇ ಹೊಸದಾಗಿ ಸೇರಿದ ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಈ ಸೇವೆಯಲ್ಲಿ ಪೂರ್ಣ ಅಂಕ ಸಿಗಬೇಕಾದ ಒಬ್ಬರಿದ್ದರೆ ಅದು ಅವರಿಗೆ. ಜಡಿಮಳೆಯಲ್ಲಿ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು "ಮಾಷ್ಟ್ರೇ, ಈ ತುದಿ ಹಿಡಿಯಿರಿ" ಎಂದು ಟೇಪನ್ನು ನನ್ನ ಕೈಗೆ ಕೊಟ್ಟು, ಬಾವಿಕಟ್ಟೆಯಿಂದ ಇಂಗುಗುಂಡಿಯವರೆಗೆ ನಡೆದರು. ಕುಡಿಯುವ ನೀರಿನ ಬಾವಿಯಿಂದ ಅಂಥ ಗುಂಡಿ ಕನಿಷ್ಠ 7.5 ಮೀಟರ್ ದೂರ ಇರಬೇಕೆಂದು ಕೇರಳದ ಕಟ್ಟಡ ನಿಯಮ ಹೇಳುತ್ತದೆ. ಟೇಪು ತೋರಿಸಿದ್ದು 5.9. ಮತ್ತೆ ಗೂಡಿನ ಬಾಗಿಲು ತೆರೆಸಿ ಸಿಲಿಂಡರುಗಳನ್ನು ಎಣಿಸಿದರು. ಏಳು ಇದ್ದವು. ವಾಣಿಜ್ಯ ಸಿಲಿಂಡರ್ ಒಂದರಲ್ಲಿ 19 ಕಿಲೋ ಅನಿಲ. ಒಟ್ಟು 100 ಕಿಲೋ ದಾಟಿದರೆ ದಾಸ್ತಾನಿಗೆ ಬೇರೆಯೇ ಪರವಾನಗಿ ಬೇಕು. ಎಂದರೆ ಐದರವರೆಗೆ ಸರಿ, ಆರನೆಯದರಿಂದ ತಪ್ಪು. ಯಜಮಾನರಿಗೆ ಇದು ಗೊತ್ತೇ ಇರಲಿಲ್ಲ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಎಲ್ಲವೂ ಮುಕ್ಕಾಲು ಗಂಟೆಯ ಕೆಲಸ. ಮೊದಲ ದಿನವೇ ಇದನ್ನು ಮಾಡಿದ್ದರೆ ಆ ಮನುಷ್ಯ ಇಂಗುಗುಂಡಿಯನ್ನು ಎರಡು ಬಾರಿ ತೋಡಿಸಬೇಕಾಗಿರಲಿಲ್ಲ, ನಾನೂ ಊರಿನವರ ಬಾಯಲ್ಲಿ ಹೊಟ್ಟೆಕಿಚ್ಚಿನ ಮಾಷ್ಟ್ರ ಆಗುತ್ತಿರಲಿಲ್ಲ.

ಗುಂಡಿ ಜಾಗ ಬದಲಿಸಿದ ಮೇಲೆ ಪರವಾನಗಿ ಸಿಕ್ಕಿತು, ಸಿಗಬೇಕಾದ್ದೇ. ಸೆಕ್ರೆಟರಿಯವರ ಆದೇಶ ಒಪ್ಪಿಗೆಯಾಗದವರು ಪಂಚಾಯತ್ ಸಮಿತಿಗೆ, ಅಲ್ಲಿಂದ ಮುಂದೆ ತಿರುವನಂತಪುರದಲ್ಲಿರುವ ಸ್ಥಳೀಯಾಡಳಿತ ಸಂಸ್ಥೆಗಳ ಟ್ರಿಬ್ಯೂನಲಿಗೆ ಹೋಗಬಹುದು; ರಾಜ್ಯದ ಈ ತುದಿಯಿಂದ ಆ ತುದಿಗೆ ಹೋಗುವ ಪ್ರಮೇಯ ನಮಗಿಬ್ಬರಿಗೂ ಬರಲಿಲ್ಲ.

ಒಂದು ಕೊರತೆಯನ್ನು ಮಾತ್ರ ಬಿಡುವಂತಿಲ್ಲ. ಪರವಾನಗಿಯ ಜೊತೆ ಬಂದ ಷರತ್ತುಗಳ ಪಟ್ಟಿ ಪೂರ್ತಿ ಮಲಯಾಳದಲ್ಲಿತ್ತು. ಯಜಮಾನರು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು; ಮಲಯಾಳ ಮಾತಾಡುತ್ತಾರೆ, ಓದಲಾರರು. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರಿಸಬೇಕೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ನಾವು ಕಾಸರಗೋಡಿನವರು ಇದನ್ನು ಭಾಷೆಯ ಹಕ್ಕು ಎಂದು ಹೇಳುತ್ತ ಬಂದಿದ್ದೇವೆ; ಸಿಲಿಂಡರ್ ಎಷ್ಟಿರಬೇಕು, ಶವರ್ಮವನ್ನು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬುದನ್ನು ಓದಲಾಗದ ಲಿಪಿಯಲ್ಲಿ ಕೊಟ್ಟರೆ ಅದು ಸುರಕ್ಷತೆಯ ಪ್ರಶ್ನೆಯೂ ಹೌದು. ಕೊನೆಗೆ ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಟ್ಟದ್ದು ಆಕ್ಷೇಪ ಸಲ್ಲಿಸಿದ ನಾನೇ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಒಂದು ಆ ಟೇಪಿಗೆ. ಕಳೆದ ವಾರ ನೋಡಿದಾಗ ಗೂಡಿನಲ್ಲಿ ಐದೇ ಸಿಲಿಂಡರ್ ಇದ್ದವು. ಹಬ್ಬದ ದಿನಗಳಲ್ಲಿ ಆರನೆಯದು ಬಂದರೆ ಎಣಿಸಲು ಕಚೇರಿಯಿಂದ ಯಾರು ಬರುತ್ತಾರೆ ಎಂದು ಕೌಂಟರಿನಲ್ಲಿ ವಿಚಾರಿಸಿದೆ. "ನೀವು ಪಕ್ಕದಲ್ಲೇ ಇದ್ದೀರಲ್ಲ ಮಾಷ್ಟ್ರೇ" ಎಂದರು.