ಹೊರವರ್ತುಲ ರಸ್ತೆಯ ಕಚೇರಿ, ಜಯನಗರದ ಕಚೇರಿ: ಎರಡರಲ್ಲೂ ದುಡಿದವಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಜಯನಗರದ ಸಣ್ಣ ಕಂಪನಿಗೆ. ಸಂಬಳ ಕಡಿಮೆ, ಕ್ಯಾಂಟೀನ್ ಇಲ್ಲ, ಲಿಫ್ಟ್ ಆಗಾಗ ಕೈಕೊಡುತ್ತದೆ. ಆದರೂ ಬೆಳ್ಳಂದೂರಿನ ಕಡೆಯ ಆ ಗಾಜಿನ ಕಟ್ಟಡಕ್ಕೆ ಮತ್ತೆ ಬಾ ಎಂದರೆ ನಾನು ಹೋಗುವುದಿಲ್ಲ. ಎರಡೂ ಕಡೆ ನಾನು ಮಾಡಿದ್ದು ಒಂದೇ ಕೆಲಸ, ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ, ಅದು ಗ್ರಾಹಕರ ಕೈಸೇರುವ ಮೊದಲೇ ಹೇಳುವುದು ನನ್ನ ಕಸುಬು. ಹಾಗಾಗಿ ಒಂದು ಕಚೇರಿ ಕೆಟ್ಟ ಸುದ್ದಿಯನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದು ಬೇರೆಯವರಿಗಿಂತ ಬೇಗ ನನಗೆ ಗೊತ್ತಾಗುತ್ತದೆ. ಈ ಹೋಲಿಕೆಯಲ್ಲಿ ನಾನು ಮುಖ್ಯವಾಗಿ ನೋಡಿರುವುದೂ ಅದನ್ನೇ.

ಜಿಮ್, ಹಣ್ಣಿನ ಬುಟ್ಟಿ, ಕುರ್ಚಿಗಳ ಗುಣಮಟ್ಟದ ಬಗ್ಗೆ ಬರೆಯುವುದಿಲ್ಲ. ಅವೆಲ್ಲದರಲ್ಲೂ ದೊಡ್ಡ ಕಂಪನಿಯೇ ಮುಂದು. ಪ್ರಯಾಣದ ವಿಷಯದಲ್ಲಿ ಚರ್ಚೆಯೇ ಬೇಡ: ಬನಶಂಕರಿಯಲ್ಲಿ ಮನೆ ಇರುವವರಿಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಜಯನಗರ ಕೂಗಳತೆಯಲ್ಲಿದೆ, ಸಿಲ್ಕ್ ಬೋರ್ಡ್ ದಾಟಿ ಹೋಗುವುದು ಅರ್ಧ ದಿನದ ಶಕ್ತಿಯನ್ನು ನುಂಗುತ್ತದೆ.

ದೊಡ್ಡ ಕಂಪನಿಯ ಒಂದು ತೊಡಕನ್ನು ಮಾತ್ರ ವಿವರವಾಗಿ ಬರೆಯಲೇಬೇಕು. ಅದು ಬಣ್ಣದ ಹಾಳೆ. ಪ್ರತಿ ಗುರುವಾರ ಮೇಲಧಿಕಾರಿಗಳ ಪರಿಶೀಲನಾ ಸಭೆ. ಅದಕ್ಕೂ ಮುನ್ನ ಪ್ರತಿ ತಂಡವೂ ತನ್ನ ಕೆಲಸದ ಸ್ಥಿತಿಯನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಬೇಕು. ಎಲ್ಲ ಸರಿಯಿದ್ದರೆ ಹಸಿರು, ಆತಂಕವಿದ್ದರೆ ಹಳದಿ, ಬಿಡುಗಡೆ ಮಾಡಲೇಬಾರದು ಎಂದಾದರೆ ಕೆಂಪು. ಪದ್ಧತಿಯಲ್ಲಿ ದೋಷವೇನೂ ಇರಲಿಲ್ಲ. ಆದರೆ ಕೆಂಪು ಹಚ್ಚಿದ ತಂಡದ ಮುಖ್ಯಸ್ಥರು ಅಂದೇ ಸಂಜೆ ಇನ್ನೊಂದು ಸಭೆಯಲ್ಲಿ ಉತ್ತರ ಕೊಡಬೇಕಿತ್ತು. ಅಲ್ಲಿ ಯಾರೂ ‘ಏನು ತಪ್ಪಾಗಿದೆ, ಯಾರ ಸಹಾಯ ಬೇಕು’ ಎಂದು ಕೇಳುತ್ತಿರಲಿಲ್ಲ. ‘ಹೋದ ವಾರ ಹಸಿರಿದ್ದದ್ದು ಈ ವಾರ ಕೆಂಪಾಯಿತು ಹೇಗೆ, ಇದಕ್ಕೆ ಯಾರು ಹೊಣೆ’ ಎಂಬಲ್ಲಿಂದಲೇ ಮಾತು ಶುರುವಾಗುತ್ತಿತ್ತು. ವರ್ಷಾಂತ್ಯದ ಮೌಲ್ಯಮಾಪನದಲ್ಲೂ ಆ ಕೆಂಪು ವಾರಗಳು ಎದ್ದು ಬರುತ್ತಿದ್ದವು. ಹೀಗಿರುವಾಗ ಯಾರು ತಾನೇ ಕೆಂಪು ಹಚ್ಚುತ್ತಾರೆ?

ವಿದೇಶದ ವಿಮಾ ಕಂಪನಿಯೊಂದಕ್ಕೆ ಪ್ರೀಮಿಯಂ ಲೆಕ್ಕ ಹಾಕುವ ಸಾಫ್ಟ್‌ವೇರ್ ನಮ್ಮ ತಂಡದ ಕೈಯಲ್ಲಿತ್ತು. ಅವಧಿಯ ನಡುವೆ ವಿಳಾಸ ಬದಲಿಸಿದ ಪಾಲಿಸಿದಾರರಿಗೆ ಒಂದು ಮೊತ್ತ ಎರಡು ಸಲ ಸೇರುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಕೆಂಪು ಹಚ್ಚಿದೆ. ಟೀಮ್ ಲೀಡ್ ನನ್ನ ಮೇಜಿನ ಬಳಿ ಬಂದು, ‘ಸದ್ಯಕ್ಕೆ ಹಳದಿ ಮಾಡಿ, ಈ ಗುರುವಾರ ಒಂದು ಕಳೆದುಬಿಡಲಿ’ ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಹೊಸಬರಿಗೆ ತಾಳ್ಮೆಯಿಂದ ಕಲಿಸುತ್ತಿದ್ದವರು. ಅವರಿಗೂ ಮೇಲಿನವರ ಭಯ. ನಾನು ಬದಲಿಸಲಿಲ್ಲ. ಆದರೆ ಹಾಳೆ ಕೈಯಿಂದ ಕೈಗೆ ಮೇಲೇರುತ್ತಾ ಹೋದಂತೆ ಕೆಂಪು ಹಳದಿಯಾಯಿತು, ಹಳದಿ ಹಸಿರಾಯಿತು. ಪಕ್ಕದಲ್ಲಿ ‘ಮುಂದಿನ ಆವೃತ್ತಿಯಲ್ಲಿ ಪರಿಶೀಲನೆ’ ಎಂಬ ಟಿಪ್ಪಣಿ ಬಂದು ಕುಳಿತಿತು. ಮೇಲೆ ಕೂತವರಿಗೆ ಕೊನೆಗೆ ಕಂಡದ್ದು ಹಸಿರು ಮಾತ್ರ.

ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಹೆಚ್ಚುವರಿ ಮೊತ್ತದ ನೋಟಿಸುಗಳು ಪಾಲಿಸಿದಾರರ ಮನೆ ತಲುಪಿದವು, ತಪ್ಪನ್ನು ಅವರೇ ಎತ್ತಿ ತೋರಿಸಿದರು. ವಾರಾಂತ್ಯವೆಲ್ಲ ಕಚೇರಿಯಲ್ಲೇ ಕಳೆಯಿತು. ಒಪ್ಪಂದದಂತೆ ಕಂಪನಿ ದಂಡ ತೆತ್ತಿತು. ಎರಡನೆಯ ಹಂತದ ಕೆಲಸ ಬೇರೆಯವರ ಪಾಲಾಯಿತು. ನನ್ನನ್ನು ಹೆಚ್ಚು ನೋಯಿಸಿದ್ದು ಅದರ ನಂತರದ್ದು. ತಂಡದಲ್ಲಿ ವಿಮೆಯ ನಿಯಮಗಳನ್ನು ಅರೆದು ಕುಡಿದಿದ್ದವರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಹೊಸಬರಿಗೆ ಆ ನಿಯಮಗಳು ಅರ್ಥವಾಗಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಮತ್ತಷ್ಟು ತಪ್ಪುಗಳು. ಈ ನಷ್ಟವನ್ನು ತೋರಿಸಲು ಗುರುವಾರದ ಹಾಳೆಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

ಇನ್ನು ಜಯನಗರ. ಇಲ್ಲಿ ಔಷಧದ ಅಂಗಡಿಗಳಿಗೂ ನರ್ಸಿಂಗ್ ಹೋಂಗಳಿಗೂ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತಲ್ಲ, ಆಗ ನಮಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಎಲ್ಲ ಅಂಗಡಿಗಳಿಗೂ ಹೊಸ ದರದ ಆವೃತ್ತಿ ಅದಕ್ಕೂ ಮೊದಲೇ ಹೋಗಬೇಕಿತ್ತು. ಹೊರಡುವ ಹಿಂದಿನ ಸಂಜೆ, ಹಾಸನದಿಂದ ಬಂದು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಹಳೆಯ ಬಿಲ್ಲಿನ ಮಾತ್ರೆ ವಾಪಸು ಬಂದರೆ ಇದು ಹೊಸ ದರದಲ್ಲಿ ಹಣ ಹಿಂದಿರುಗಿಸುತ್ತಿದೆ’ ಎಂದಳು. ಶೇ 12 ತೆರಿಗೆ ಕೊಟ್ಟು ಕೊಂಡವರಿಗೆ ಹಳೆಯ ದರದ ಲೆಕ್ಕದಲ್ಲೇ ಹಣ ಮರಳಬೇಕು. ಮಾಲೀಕರು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡಿದರು, ಬಿಡುಗಡೆಯನ್ನು ನಿಲ್ಲಿಸಿದರು. ದೊಡ್ಡ ಗ್ರಾಹಕರಿಗೆ ತಾವೇ ಫೋನ್ ಮಾಡಿ, ಒಂದು ದಿನ ತಡವಾಗುತ್ತದೆ, ಕಾರಣ ಇದು ಎಂದು ಬಿಡಿಸಿ ಹೇಳಿದರು. ಕೆಲವರು ರೇಗಿದರು. ಒಬ್ಬರೂ ಬಿಟ್ಟುಹೋಗಲಿಲ್ಲ. ಮರುದಿನದ ಸಭೆಯಲ್ಲಿ ಆ ಹುಡುಗಿ ತಾನು ಅದನ್ನು ಹೇಗೆ ಪತ್ತೆ ಹಚ್ಚಿದೆ ಎಂದು ಉಳಿದವರಿಗೆಲ್ಲ ತೋರಿಸಿಕೊಟ್ಟಳು.

ಹೊರಗಿನವರು ಎರಡೂ ಕಂಪನಿಗಳ ದೋಷಪಟ್ಟಿಗಳನ್ನು ನೋಡಿದರೆ ದೊಡ್ಡ ಕಂಪನಿಯೇ ಮೇಲು ಎನ್ನುತ್ತಾರೆ, ಏಕೆಂದರೆ ನಮ್ಮ ಪಟ್ಟಿ ಉದ್ದ. ಇದೇ ಒಗಟನ್ನು ಏಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಎದುರಿಸಿದ್ದರು. ಹೊಂದಾಣಿಕೆಯಿರುವ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡಿದ್ದ ಅವರಿಗೆ ದಾಖಲೆಗಳಲ್ಲಿ ಸಿಕ್ಕಿದ್ದು ಹೆಚ್ಚು ತಪ್ಪುಗಳು. ಆ ತಂಡಗಳ ದಾದಿಯರು ತಪ್ಪನ್ನು ಅಂಜದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಎಂಬುದು ಅವರು ಕಂಡುಕೊಂಡ ಕಾರಣ. ಇದನ್ನು ಓದಿದಾಗ ನನಗೆ ಗುರುವಾರದ ಹಸಿರು ಹಾಳೆಗಳ ಅರ್ಥ ಪೂರ್ತಿಯಾಗಿ ಹೊಳೆಯಿತು.

ಟೊಯೋಟಾ ಕಾರ್ಖಾನೆಗಳಲ್ಲಿ ‘ಆಂಡಾನ್’ ಎಂಬ ಏರ್ಪಾಡಿದೆ. ದೋಷ ಕಂಡ ಕಾರ್ಮಿಕ ಹಗ್ಗ ಎಳೆದರೆ ಮೇಲ್ವಿಚಾರಕ ಓಡಿಬರುತ್ತಾನೆ, ಅಲ್ಲೇ ಸರಿಯಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ನಮ್ಮ ಮಾಲೀಕರು ಇದನ್ನು ಪದೇಪದೇ ಹೇಳುತ್ತಾರೆ. ಹಗ್ಗ ಕಟ್ಟಿದ ಮಾತ್ರಕ್ಕೆ ಎಲ್ಲವೂ ಸರಿಯಾಗಿಬಿಡುತ್ತದೆ ಎಂದು ನಾನು ನಂಬುವುದಿಲ್ಲ; ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ 2020ರ ನವೆಂಬರಿನಲ್ಲಿ ಕೆಲಸದ ಹೊರೆಯ ಜಗಳ ಮುಷ್ಕರ, ಲಾಕೌಟ್‌ಗಳವರೆಗೆ ಹೋಗಿತ್ತು. ತಪ್ಪನ್ನು ಕೇಳಿಸಿಕೊಳ್ಳುವ ಕಿವಿ ದಣಿವನ್ನೂ ಕೇಳಿಸಿಕೊಳ್ಳಬೇಕು.

ಇನ್ನೊಂದು ವಿಷಯ. ದೊಡ್ಡ ಕಂಪನಿಯಲ್ಲಿ ಉಪಾಧ್ಯಕ್ಷರನ್ನೂ ಹೆಸರು ಹಿಡಿದೇ ಕರೆಯುತ್ತಿದ್ದೆವು, ಆದರೆ ಅವರ ಮಾತಿಗೆ ಎದುರು ಮಾತಿಲ್ಲ. ಇಲ್ಲಿ ಎಲ್ಲರೂ ‘ಸರ್’, ‘ಮೇಡಂ’ ಎನ್ನುತ್ತೇವೆ, ‘ಸರ್, ನೀವು ಹೇಳಿದ್ದು ಸರಿಯಿಲ್ಲ’ ಎಂದೂ ಹೇಳುತ್ತೇವೆ.

ದುಡಿಮೆಯ ಗಂಟೆಗಳ ಬಗ್ಗೆ ಬೆಂಗಳೂರಿನಲ್ಲಿ ಬಹಳ ಚರ್ಚೆಯಾಗಿದೆ. ನಾರಾಯಣ ಮೂರ್ತಿಯವರು 2023ರಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರಲ್ಲಿ ಐಟಿ ವಲಯದ ಕೆಲಸದ ಅವಧಿಯನ್ನು ಹೆಚ್ಚಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ತೀವ್ರವಾಗಿ ವಿರೋಧಿಸಿತು. ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿರುವುದು ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ. ನಾನು ಕಂಡಂತೆ ದೊಡ್ಡ ಕಂಪನಿಯಲ್ಲಿ ಆ ಮಿತಿ ಮೀರಿ ದುಡಿದ ಗಂಟೆಗಳಲ್ಲಿ ಬಹುಪಾಲು ಹೊಸದೇನನ್ನೂ ಕಟ್ಟಲಿಲ್ಲ; ಮೊದಲೇ ಗೊತ್ತಿದ್ದು ಮುಚ್ಚಿಟ್ಟ ತಪ್ಪುಗಳನ್ನು ತಿದ್ದುವುದಕ್ಕೇ ಸವೆದುಹೋದವು.

ಜಯನಗರದ ಕೊರತೆಗಳನ್ನೂ ಹೇಳಬೇಕು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ದೊಡ್ಡ ಕಂಪನಿಯಲ್ಲಿ ಅದು ಅಚ್ಚುಕಟ್ಟಾಗಿತ್ತು. ಇಲ್ಲಿ ನಾವು ಹೆಂಗಸರೆಲ್ಲ ಸೇರಿ ಕೇಳಿದ ಮೇಲಷ್ಟೇ ರಚನೆಯಾಯಿತು. ಬಡ್ತಿಯ ಏಣಿ ಗಿಡ್ಡ. ಆರೋಗ್ಯ ವಿಮೆ ನೌಕರರಿಗೆ ಮಾತ್ರ. ಅಲ್ಲಿ ಅಮ್ಮನಿಗೂ ರಕ್ಷಣೆಯಿತ್ತು. ಈಗ ಅವರಿಗೆ ಬೇರೆ ಪಾಲಿಸಿ ಮಾಡಿಸಿದ್ದೇನೆ. ಸಂಬಳದಲ್ಲಿ ಕಳೆದುಕೊಂಡದ್ದರ ಜೊತೆ ಇದೂ ಸೇರಿ ತಿಂಗಳ ಲೆಕ್ಕ ಬಿಗಿಯಾಗಿದೆ. ಸಾಲದ ಕಂತಿಲ್ಲದ, ಹಳೆಯ ಬಾಡಿಗೆ ಮನೆಯಲ್ಲಿರುವ ನನಗೆ ಇದು ನಿಭಾಯಿಸಬಹುದಾದ ಬಿಗಿ. ಫ್ಲ್ಯಾಟ್ ಕೊಂಡು ಕಂತು ಕಟ್ಟುತ್ತಿರುವ ನನ್ನ ಗೆಳತಿಗೆ ಇದೇ ಸಲಹೆಯನ್ನು ನಾನು ಕೊಡಲಾರೆ. ಅವಳು ಅಲ್ಲೇ ಇದ್ದಾಳೆ, ತಂಡ ಬದಲಿಸಿಕೊಂಡು.

ಕೆಲಸ ಬದಲಿಸುವವರು ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳಿ: ‘ನಿಮ್ಮಲ್ಲಿ ಕೊನೆಯ ಬಾರಿ ಬಿಡುಗಡೆಯನ್ನು ನಿಲ್ಲಿಸಿದ್ದು ಯಾರು, ಈಗ ಅವರು ಯಾವ ಹುದ್ದೆಯಲ್ಲಿದ್ದಾರೆ?’ ಜಯನಗರದಲ್ಲಿ ನಾನು ಇದನ್ನು ಕೇಳಿದಾಗ ಮಾಲೀಕರು ಗ್ರಾಹಕ ಸೇವೆಯ ಒಬ್ಬರನ್ನು ಒಳಗೆ ಕರೆದು, ‘ಇವರನ್ನೇ ಕೇಳಿ’ ಎಂದು ನಮ್ಮಿಬ್ಬರನ್ನೇ ಬಿಟ್ಟು ಹೊರಗೆ ಹೋದರು. ನಾನು ಸಂಬಳದ ಮಾತೆತ್ತಿದ್ದು ಅದಾದ ಮೇಲೆ.