ಅಡುಗೆಮನೆ ಕಿಟಕಿಯ ನಾಲ್ಕು ಕುಂಡ: ಕಾಕ್‌ಟೇಲ್‌ಗೆ ಯಾವ ಸೊಪ್ಪು ಬೆಳೆದರೆ ಲಾಭ?

ಬೆಂಗಳೂರಿನ ನಮ್ಮ ಫ್ಲ್ಯಾಟ್‌ಗೆ ಬಾಲ್ಕನಿ ಇಲ್ಲ. ಅಡುಗೆಮನೆಯಲ್ಲಿ ಪೂರ್ವಕ್ಕೆ ಒಂದು ಕಿಟಕಿ ಇದೆ. ಬೆಳಗ್ಗೆ ಹತ್ತೂವರೆವರೆಗೆ ಬಿಸಿಲು, ಆಮೇಲೆ ಬರೀ ಬೆಳಕು. ಶನಿವಾರ ಸಂಜೆ ನಾನೂ ನನ್ನ ಗಂಡನೂ ಮನೆಯಲ್ಲೇ ಒಂದೊಂದು ಕಾಕ್‌ಟೇಲ್ ಮಾಡಿಕೊಳ್ಳುತ್ತೇವೆ. ಎಲೆಯನ್ನು ಬೇಯಿಸದೆ ಹಸಿಯಾಗೇ ಗ್ಲಾಸಿಗೆ ಹಾಕುವುದರಿಂದ ಔಷಧಿ ಹೊಡೆದ ಸೊಪ್ಪು ಬೇಡ ಅನ್ನಿಸಿತು. ಹಾಗಾಗಿ ಒಂದು ವರ್ಷ ನಾಲ್ಕು ಗಿಡಗಳನ್ನು ಅದೇ ಕಿಟಕಿಯಲ್ಲಿ ಬೆಳೆಸಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಪುದೀನ. ಬೆಳೆಸುವುದು ನಿಜಕ್ಕೂ ಸುಲಭ. ಅಂಗಡಿಯ ಕಟ್ಟಿನಿಂದ ನಾಲ್ಕು ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ತೆಗೆದು ನೀರಲ್ಲಿಟ್ಟೆ. ಒಂದು ವಾರದಲ್ಲಿ ಬಿಳಿ ಬೇರು ಬಂತು. ಇದರ ಬೇರು ಅಡ್ಡಡ್ಡ ಹಬ್ಬುತ್ತದೆ, ಆದ್ದರಿಂದ ಆಳದ ಕುಂಡಕ್ಕಿಂತ ಅಗಲದ್ದು ಒಳ್ಳೆಯದು. ಆದರೆ ಕ್ಯೂಬಾದ ಮೊಹಿಟೊ ಮಾಡಲು ಒಂದು ಗ್ಲಾಸಿಗೆ ಎಂಟು ಹತ್ತು ಎಲೆ ಬೇಕು. ಇಬ್ಬರಿಗೆ ಕಿತ್ತರೆ ಕುಂಡ ಬೋಳು. ಬಿಸಿಲು ಸಾಲದೆ ಕಡ್ಡಿ ಉದ್ದುದ್ದ ಬೆಳೆಯಿತು, ಎಲೆ ಸಣ್ಣದಾಯಿತು, ಘಮವೂ ಕಮ್ಮಿ. ಗಿಣ್ಣಿನ ಮೇಲೆ ಕತ್ತರಿಸಿದರೆ ಎರಡು ಚಿಗುರು ಬರುತ್ತದೆ, ನಿಜ. ಅದು ಬೆಳೆಯುವಷ್ಟರಲ್ಲಿ ಎರಡು ಶನಿವಾರ ಕಳೆದಿರುತ್ತದೆ. ಬೀದಿ ತುದಿಯ ಗಾಡಿಯಲ್ಲಿ ದಿನಾ ಹೊಸ ಪುದೀನ ಸಿಗುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ವಾರ ಬಾಳುತ್ತದೆ. ಚೆನ್ನಾಗಿ ತೊಳೆದರೆ ಅದೇ ಸಾಕು ಅಂತ ಈಗ ನನ್ನ ಅಭಿಪ್ರಾಯ. ಒಂದು ಮಾತು: ಎಲ್ಲಿಂದ ತಂದ ಪುದೀನವಾದರೂ ಜಜ್ಜಬೇಡಿ. ಸಕ್ಕರೆ, ನಿಂಬೆರಸದ ಜೊತೆ ಲಟ್ಟಣಿಗೆ ತುದಿಯಿಂದ ಮೆಲ್ಲಗೆ ಒತ್ತಿದರೆ ಸಾಕು. ಜಾಸ್ತಿ ಅರೆದರೆ ಕಹಿ ಬಿಡುತ್ತದೆ.

ನನ್ನ ಮನಸ್ಸು ಗೆದ್ದದ್ದು ಕಾಮಕಸ್ತೂರಿ, ಅಂದರೆ ಬೇಸಿಲ್. ಸೊಪ್ಪಿನ ಗಾಡಿಯಲ್ಲಿ ಇದು ಸಿಗುವುದಿಲ್ಲ. ದೊಡ್ಡ ಅಂಗಡಿಯಿಂದ ತಂದರೂ ಫ್ರಿಜ್‌ನ ಚಳಿಗೆ ಎಲೆ ಕಪ್ಪಾಗುತ್ತದೆ. ಮನೆಯಲ್ಲೇ ಬೆಳೆಯಲು ಇದಕ್ಕಿಂತ ಒಳ್ಳೆ ಕಾರಣ ಬೇಕಾ? ಮೊದಲು ಫಲೂದಾಕ್ಕೆ ಹಾಕುವ ಸಬ್ಜಾ ಬೀಜವನ್ನೇ ಬಿತ್ತಿದೆ, ಅದೂ ಕಾಮಕಸ್ತೂರಿಯೇ. ಮೊಳಕೆ ಚೆನ್ನಾಗಿ ಬಂತು, ಆದರೆ ಎಲೆ ಖಾರ, ಲವಂಗದ ವಾಸನೆ. ಆಮೇಲೆ ಇಟಾಲಿಯನ್ ಬೇಸಿಲ್ ಬೀಜ ತಂದು ಬಿತ್ತಿದೆ. ಅದರ ಎಲೆ ಅಗಲ, ರುಚಿಯೂ ಮೃದು.

ಇದಕ್ಕೆ ಬಿಸಿಲು ಮಾತ್ರ ಬೇಕೇ ಬೇಕು. ನಮ್ಮ ಕಿಟಕಿ ಸಾಲಲಿಲ್ಲ, ಗಿಡ ಬಡಕಲಾಗಿ ವಾಲಿತು. 20 ವ್ಯಾಟಿನ ಎಲ್‌ಇಡಿ ದೀಪ ತಂದು ದಿನಕ್ಕೆ 12 ಗಂಟೆ ಹಾಕಿದೆ. ತಿಂಗಳಿಗೆ ಹೆಚ್ಚೂಕಡಿಮೆ 7 ಯೂನಿಟ್ ಕರೆಂಟ್. ಮೂರೇ ವಾರದಲ್ಲಿ ಗಿಡ ತುಂಬಿಕೊಂಡಿತು. ಕದಿರು ಕಂಡ ಕೂಡಲೇ ಚಿವುಟಬೇಕು, ಹೂ ಬಿಟ್ಟರೆ ಎಲೆ ಕಮ್ಮಿಯಾಗುತ್ತದೆ. ಡಿಸೆಂಬರ್ ಚಳಿಯಲ್ಲಿ ಸ್ವಲ್ಪ ಮಂಕಾಗಿತ್ತು, ಸಂಕ್ರಾಂತಿ ಕಳೆದ ಮೇಲೆ ಮತ್ತೆ ಚಿಗುರಿತು.

ಈ ಎಲೆಗೆ ತಕ್ಕ ಪಾನೀಯ ಜಿನ್ ಬೇಸಿಲ್ ಸ್ಮ್ಯಾಶ್. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋರ್ಗ್ ಮೆಯರ್ 2008ರಲ್ಲಿ ತಮ್ಮ ಬಾರ್‌ನಲ್ಲಿ ಮಾಡಿದ್ದು. ನನ್ನ ಅಳತೆ: 60 ಮಿಲಿ ಜಿನ್, ನಿಂಬೆರಸ 20, ಸಕ್ಕರೆ ಪಾಕ 20, ಹತ್ತು ಹನ್ನೆರಡು ಎಲೆ. ಪುದೀನದಂತಲ್ಲ, ಇಲ್ಲಿ ಎಲೆಯನ್ನು ಧಾರಾಳವಾಗಿ ಜಜ್ಜಬೇಕು. ಐಸ್ ಹಾಕಿ ಗಟ್ಟಿಯಾಗಿ ಕುಲುಕಿ ಎರಡು ಸಲ ಸೋಸಿ. ಗ್ಲಾಸಿಗೆ ಇಳಿಯುವ ಆ ಎಳೆ ಹಸಿರು ಬಣ್ಣ ನೋಡಲೇ ಚೆಂದ. ಕಿತ್ತ ಐದು ನಿಮಿಷದಲ್ಲಿ ಮಾಡಿದರೆ ಘಮ ಬೇರೆಯೇ.

ರೋಸ್ಮರಿಯ ಮೊದಲ ಗಿಡ ಮಳೆಗಾಲದಲ್ಲಿ ಸತ್ತಿತು. ಮೆಡಿಟರೇನಿಯನ್ ಕಡೆಯ ಒಣ ನೆಲದ ಗಿಡ, ನಾನು ದಿನಾ ನೀರು ಹಾಕಿದ್ದೆ. ಎರಡನೆಯದನ್ನು ಮಣ್ಣಿನ ಕುಂಡದಲ್ಲಿ ಮೂರನೇ ಒಂದು ಪಾಲು ಮರಳು ಬೆರೆಸಿ ನೆಟ್ಟೆ. ಮೇಲಿನ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಬದುಕಿದೆ, ಆದರೆ ಬಲು ನಿಧಾನ. ಪರವಾಗಿಲ್ಲ, ಒಂದು ಜಿನ್ ಟಾನಿಕ್‌ಗೆ ಒಂದು ಕಡ್ಡಿ ಸಾಕಲ್ವಾ? ಅಂಗೈಯಲ್ಲಿ ಒಮ್ಮೆ ತಟ್ಟಿ ಹಾಕಿದರೆ ಎಣ್ಣೆಯ ಪರಿಮಳ ಏಳುತ್ತದೆ.

ದೊಡ್ಡಪತ್ರೆ ಪಟ್ಟಿಯಲ್ಲೇ ಇರಲಿಲ್ಲ. ಸಾಗರದಿಂದ ಬಂದ ಅಮ್ಮ ತಂಬುಳಿಗಾಗುತ್ತೆ ಅಂತ ಒಂದು ಕಡ್ಡಿ ತಂದು ಚುಚ್ಚಿದರು. ದಪ್ಪ ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುವ ಗಿಡ. ಒಂದು ವಾರ ಊರಿಗೆ ಹೋಗಿ ಬಂದರೂ ಹಾಗೇ ಇರುತ್ತದೆ, ದೀಪವೂ ಬೇಡ. ಮೊದಲ ಸಲ ಮೂರು ಎಲೆ ಜಜ್ಜಿ ರಮ್‌ಗೆ ಹಾಕಿದೆ, ಓಮದ ಕಷಾಯದಂತಾಯಿತು. ಈಗ ಒಂದು ಗ್ಲಾಸಿಗೆ ಅರ್ಧ ಎಲೆ: 60 ಮಿಲಿ ಬಿಳಿ ರಮ್, ಕೆಂಪು ಸೀಬೆಹಣ್ಣಿನ ರಸ, ನಿಂಬೆ, ಅಂಚಿಗೆ ಉಪ್ಪುಖಾರ. ಸೀಬೆಯ ಸಿಹಿಗೂ ಈ ಎಲೆಯ ಖಾರಕ್ಕೂ ಎಷ್ಟು ಹೊಂದುತ್ತದೆ ಅಂದರೆ, ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಅನ್ನಿಸಿತು. ಅಮ್ಮನಿಗೆ ರಮ್ ಬಿಟ್ಟು ಸೋಡಾ ಹಾಕಿ ಕೊಟ್ಟೆ. ಇನ್ನೊಂದು ಗ್ಲಾಸ್ ಕೇಳಿದರು.

ದೀಪ ತರಲು ಸಿದ್ಧರಿದ್ದರೆ ಬೇಸಿಲ್ ಬೆಳೆಸಿ. ದೀಪ, ಆರೈಕೆ ಎರಡೂ ಆಗದಿದ್ದರೆ ದೊಡ್ಡಪತ್ರೆ. ನಾನಂತೂ ಪುದೀನದ ಅಗಲ ಕುಂಡ ಖಾಲಿ ಮಾಡಿ, ಅದರಲ್ಲಿ ಮೊನ್ನೆ ಇನ್ನಷ್ಟು ಬೇಸಿಲ್ ಬೀಜ ಬಿತ್ತಿದ್ದೇನೆ.